ಮನಸ್ಸು ಎರಡು ಕಡೆ ಇರುವಾಗ ಹೆಜ್ಜೆ ತಪ್ಪದಂತೆ ನಡೆಯುವುದು ಹೇಗೆ?

ನಡೆಯುವುದಕ್ಕೆ ಯೋಚನೆ ಬೇಕಿಲ್ಲ, ಕಾಲು ತನ್ನಷ್ಟಕ್ಕೆ ತಾನು ಸಾಗುತ್ತದೆ ಎಂದೇ ನಾವು ನಂಬಿರುತ್ತೇವೆ. ಆದರೆ ಜೊತೆಯಲ್ಲಿ ಹೆಜ್ಜೆ ಹಾಕುತ್ತಿರುವ ಹಿರಿಯರನ್ನು "ಅದು ಯಾವ ವರ್ಷ ಆಗಿದ್ದು, ಅಜ್ಜಿ?" ಎಂದು ಕೇಳಿ ನೋಡಿ, ಎಷ್ಟೋ ಸಲ ಅವರು ಮೊದಲು ನಿಂತು, ಆಮೇಲೆ ಉತ್ತರ ಹೇಳುತ್ತಾರೆ. ಸ್ವೀಡನ್ನಿನ ಸಂಶೋಧಕರು 1997ರಲ್ಲಿ ವೃದ್ಧರ ವಸತಿಗೃಹಗಳಲ್ಲಿದ್ದ 58 ಮಂದಿಯಲ್ಲಿ ಇದನ್ನೇ ಗಮನಿಸಿದರು. ಮಾತು ಶುರುವಾದೊಡನೆ ನಡಿಗೆ ನಿಲ್ಲಿಸಿದವರು 12 ಮಂದಿ. ಮುಂದಿನ ಆರು ತಿಂಗಳೊಳಗೆ ಅವರಲ್ಲಿ 10 ಮಂದಿ ಬಿದ್ದಿದ್ದರು. ಅವರನ್ನು ಬೀಳಿಸಿದ್ದು ನಿಲ್ಲುವ ಅಭ್ಯಾಸವಲ್ಲ. ನಡಿಗೆಗೇ ಅವರ ಬಹುಪಾಲು ಗಮನ ಖರ್ಚಾಗುತ್ತಿತ್ತು ಎಂಬುದನ್ನು ಆ ನಿಲುಗಡೆ ತೋರಿಸಿಕೊಟ್ಟಿತು.

ಸಾಧಾರಣ ವೇಗದ ನಡಿಗೆಯಲ್ಲಿ ಎರಡೂ ಪಾದಗಳು ಒಟ್ಟಿಗೆ ನೆಲದ ಮೇಲಿರುವುದು ಒಟ್ಟು ಸಮಯದ ಸುಮಾರು ಶೇ. 20ರಷ್ಟು ಮಾತ್ರ, ಉಳಿದ ಸಮಯವೆಲ್ಲ ನಾವು ಒಂಟಿ ಕಾಲಿನ ಮೇಲೆಯೇ ಇರುತ್ತೇವೆ. ಮುಂದಕ್ಕೆ ಬೀಸುವ ಕಾಲಿನ ತುದಿ ನೆಲದಿಂದ ಒಂದೆರಡು ಸೆಂಟಿಮೀಟರಿನಷ್ಟೇ ಮೇಲಿರುತ್ತದೆ, ಆದ್ದರಿಂದ ಸ್ವಲ್ಪ ಏರುಪೇರಾದರೂ ಎಡವುತ್ತೇವೆ. ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳಿಂದ ಬರುವ ಸುದ್ದಿಯನ್ನು ಕೂಡಿಸಿ ಮೈಯ ಆಯವನ್ನು ಹಿಡಿಯುವ ಕೆಲಸದಲ್ಲಿ ಕಿರುಮೆದುಳಿನ ಜೊತೆಗೆ ಹಣೆಯ ಹಿಂದಿರುವ ಮೆದುಳಿನ ಭಾಗವೂ ಸೇರಿಕೊಳ್ಳುತ್ತದೆ. ಲೆಕ್ಕ ಮಾಡುವುದಕ್ಕೂ ಮರೆತದ್ದನ್ನು ನೆನಪಿಸಿಕೊಳ್ಳುವುದಕ್ಕೂ ಬೇಕಾಗುವುದು ಅದೇ ಭಾಗ. ವಯಸ್ಸಾದಂತೆ, ಅಥವಾ ಪಾರ್ಕಿನ್ಸನ್‌, ಪಾರ್ಶ್ವವಾಯುವಿನಂತಹ ಕಾಯಿಲೆಗಳು ಬಂದಾಗ, ನಡಿಗೆ ಆ ಭಾಗವನ್ನೇ ಹೆಚ್ಚು ನೆಚ್ಚಿಕೊಳ್ಳುತ್ತದೆ.

ನಿಮ್ಮ ನಡಿಗೆ ಎಷ್ಟು ಗಮನ ಬೇಡುತ್ತದೆ ಎಂಬುದನ್ನು ಮನೆಯಲ್ಲೇ ಅಳೆಯಬಹುದು. ಬೆಳಕಿರುವ, ಜಾರದ, ಸಮತಟ್ಟಾದ ಜಾಗದಲ್ಲಿ ಅಲುಗಾಡದ ಕುರ್ಚಿಯೊಂದನ್ನಿಟ್ಟು, ಅದರಿಂದ 3 ಮೀಟರ್ ದೂರದಲ್ಲಿ ಗುರುತು ಹಾಕಿ, ಇನ್ನೊಬ್ಬರನ್ನು ಪಕ್ಕದಲ್ಲಿರಿಸಿಕೊಳ್ಳಿ. ಕುರ್ಚಿಯಿಂದ ಎದ್ದು, ಗುರುತಿನವರೆಗೆ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆದಿಟ್ಟುಕೊಳ್ಳಿ. ಬಳಿಕ ಕುಳಿತಲ್ಲೇ, ಅಷ್ಟೇ ಹೊತ್ತು, 100ರಿಂದ ಮೂರು ಮೂರನ್ನು ಕಳೆಯುತ್ತ ಗಟ್ಟಿಯಾಗಿ ಹೇಳಿ; ಎಷ್ಟು ಉತ್ತರ ಸರಿಯಾದವೆಂದು ಜೊತೆಯವರು ಎಣಿಸಲಿ. ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ಇದಿಲ್ಲದಿದ್ದರೆ ಮುಂದಿನ ಅಳತೆಗೆ ಅರ್ಥವೇ ಇರುವುದಿಲ್ಲ. ಕೊನೆಗೆ ಬೇರೊಂದು ಸಂಖ್ಯೆಯಿಂದ ಕಳೆಯುತ್ತಲೇ ಎದ್ದು ನಡೆಯಿರಿ. ಮೊದಲು 12 ಸೆಕೆಂಡು ಆಗಿದ್ದದ್ದು ಈಗ 15 ಆದರೆ, ಗಮನ ಹಂಚಿದ್ದಕ್ಕೆ ನಡಿಗೆ ತೆತ್ತ ಬೆಲೆ ಶೇ. 25.

ಸೆಕೆಂಡುಗಳಿಗಿಂತ ಹೆಚ್ಚಿನದನ್ನು ಹೇಳುವುದು, ಎರಡರಲ್ಲಿ ಯಾವುದು ಕೆಟ್ಟಿತು ಎಂಬುದು. ಲೆಕ್ಕ ತಡವರಿಸಿ ಹೆಜ್ಜೆ ಸ್ಥಿರವಾಗಿಯೇ ಉಳಿದಿದ್ದರೆ ಮೈ ತನ್ನನ್ನು ಮೊದಲು ಕಾಪಾಡಿಕೊಂಡಿದೆ ಎಂದರ್ಥ, ಅದು ಒಳ್ಳೆಯ ಲಕ್ಷಣ. ಲೆಕ್ಕ ಸರಾಗವಾಗಿ ಸಾಗುತ್ತಿದ್ದು ಹೆಜ್ಜೆಗಳು ಒಂದು ಉದ್ದ ಒಂದು ಗಿಡ್ಡ ಆಗತೊಡಗಿದರೆ, ತಿರುಗುವಾಗ ಮೈ ವಾಲಿದರೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪಾರ್ಕಿನ್ಸನ್ ಇರುವವರಲ್ಲಿ ಈ ತಲೆಕೆಳಗಾದ ಕ್ರಮ ಆಗಾಗ ಕಾಣುತ್ತದೆ.

ತುಂಬಿದ ನೀರಿನ ಲೋಟ ಹಿಡಿದು ನಡೆಯುವವರನ್ನು ಹತ್ತಿರದಿಂದ ನೋಡಿದರೂ ಇದು ತಿಳಿಯುತ್ತದೆ. ಕಣ್ಣು ನೀರಿನ ಅಂಚಿಗೆ ಅಂಟಿಕೊಳ್ಳುತ್ತದೆ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳುತ್ತದೆ, ಕೈಬೀಸು ನಿಲ್ಲುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಮೊಬೈಲ್ ನೋಡುತ್ತ ನಡೆಯುವಾಗ ಯುವಕರಿಗೂ ಹೆಚ್ಚು ಕಡಿಮೆ ಹೀಗೆಯೇ ಆಗುತ್ತದೆ: ವೇಗ ತಗ್ಗುತ್ತದೆ, ದಾರಿ ನೇರವಾಗಿ ಉಳಿಯುವುದಿಲ್ಲ.

ಅಭ್ಯಾಸದಿಂದ ಇದನ್ನು ಸುಧಾರಿಸಬಹುದು, ಆದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಕಠಿಣಗೊಳಿಸಬೇಕು. ಮೊದಲ ವಾರ ಗೋಡೆಯ ಪಕ್ಕ ನಿಂತು ತಿಂಗಳುಗಳ ಹೆಸರನ್ನು ಹೇಳಿ. ಅದು ಸಲೀಸಾದ ಮೇಲೆ ನೇರ ದಾರಿಯಲ್ಲಿ ನಡೆಯುತ್ತ ಹೇಳಿ, ಆಮೇಲೆ ಅದೇ ನಡಿಗೆಯಲ್ಲಿ ತಿಂಗಳುಗಳನ್ನು ಕೊನೆಯದರಿಂದ ಮೊದಲನೆಯದರವರೆಗೆ ಹಿಮ್ಮುಖವಾಗಿ ಹೇಳಿ. ತಿರುವುಗಳು ಬರಬೇಕಾದದ್ದು ಎಲ್ಲಕ್ಕಿಂತ ಕೊನೆಗೆ. ಒಂದು ಸುತ್ತಿನಲ್ಲಿ ಹೆಚ್ಚಿನ ಗಮನವನ್ನು ಹೆಜ್ಜೆಗೆ ಕೊಟ್ಟು, ಮುಂದಿನ ಸುತ್ತಿನಲ್ಲಿ ಮಾತಿಗೆ ಕೊಡಿ. ಗಮನವನ್ನು ಹೀಗೆ ಬೇಕೆಂದಾಗ ಅತ್ತಿತ್ತ ಸರಿಸುವುದನ್ನು ಕಲಿಯುವುದೇ ಈ ಅಭ್ಯಾಸದ ತಿರುಳು ಎಂಬುದು ನನ್ನ ಅಭಿಪ್ರಾಯ. "ಮೊಣಕಾಲು ಎತ್ತಬೇಕು, ಹಿಮ್ಮಡಿ ಊರಬೇಕು" ಎಂದು ಅಂಗಾಂಗಗಳ ಬಗ್ಗೆ ಯೋಚಿಸುವುದಕ್ಕಿಂತ, ಮುಂದಿರುವ ಒಂದು ಗುರುತನ್ನು ತಲುಪಬೇಕೆಂದು ಯೋಚಿಸಿದರೆ ನಡಿಗೆ ಹೆಚ್ಚು ಸಹಜವಾಗುತ್ತದೆ.

ಕಳೆದ ಒಂದು ವರ್ಷದಲ್ಲಿ ಬಿದ್ದವರು, ತಲೆಸುತ್ತು ಇರುವವರು ಹಾಗೂ ಮೇಲೆ ಹೇಳಿದ ಕಾಯಿಲೆಗಳಿರುವವರು ಅಳತೆಯನ್ನೂ ಅಭ್ಯಾಸವನ್ನೂ ಫಿಸಿಯೋಥೆರಪಿಸ್ಟ್ ಜೊತೆಗಿದ್ದಾಗ ಮಾತ್ರ ಮಾಡಬೇಕು. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ ಅಭ್ಯಾಸಕ್ಕೆ ಕೈ ಹಾಕದೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಅಭ್ಯಾಸ ನಡೆಯುತ್ತಿರುವಾಗಲೂ ಮೆಟ್ಟಿಲು, ಹೊಸ್ತಿಲು, ಒದ್ದೆ ನೆಲ ಬಂದಾಗ ಮಾತನ್ನು ಅರ್ಧಕ್ಕೇ ನಿಲ್ಲಿಸಿ. ಫೋನು ಬಂದರೆ ಪಕ್ಕಕ್ಕೆ ಸರಿದು, ನಿಂತು, ಆಮೇಲೆ ತೆಗೆಯಿರಿ. ಹಿರಿಯರ ಜೊತೆ ನಡೆಯುವವರು ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಯನ್ನು ಅವರು ಕೂತ ಮೇಲೆ ಕೇಳಲಿ. ಅವರು ನಡುದಾರಿಯಲ್ಲಿ ನಿಂತರೆ "ಯಾಕೆ ನಿಂತಿರಿ, ಬನ್ನಿ" ಎಂದು ಅವಸರಪಡಿಸದೆ ತಾವೂ ನಿಲ್ಲಲಿ. ನಾಲ್ಕು ವಾರಗಳ ನಂತರ ಅದೇ ಕುರ್ಚಿ, ಅದೇ ಪಾದರಕ್ಷೆ, ದಿನದ ಅದೇ ಹೊತ್ತನ್ನು ಆರಿಸಿಕೊಂಡು ಮತ್ತೆ ಅಳೆಯಿರಿ, ಸೆಕೆಂಡುಗಳ ಪಕ್ಕದಲ್ಲಿ ಸರಿಯುತ್ತರಗಳ ಸಂಖ್ಯೆಯನ್ನೂ ಬರೆದಿಡಿ.