ನದಿಗೂ ನೀರು ಬಿಟ್ಟೆವು, ಆದಾಯವೂ ಉಳಿಯಿತು: ನನ್ನ ಅನುಭವ

ನಮ್ಮ ಜಲವಿದ್ಯುತ್ ಅಣೆಕಟ್ಟಿನಿಂದ, ಕೆಳಗಿನ ಮೀನು ಹುಳು ಬದುಕಲೆಂದು ನದಿಗೆ ನೀರು ಬಿಟ್ಟರೆ ಕರೆಂಟಿನ ಆದಾಯ ಶೇ. 10 ಆದರೂ ಬೀಳುತ್ತೆ ಎಂದು ಎಲ್ಲರೂ ಹೆದರಿಸಿದ್ದರು. ವರ್ಷದ ಲೆಕ್ಕ ಮುಗಿದಾಗ ಬಿದ್ದದ್ದು ಶೇ. 2ರ ಆಸುಪಾಸು.

ಮೊದಲ ಪ್ರಯತ್ನಗಳು ಕೈಕೊಟ್ಟವು. ಕ್ರಸ್ಟ್ ಗೇಟ್ (ಅಣೆಕಟ್ಟಿನ ಮೇಲ್ಭಾಗದ ಗೇಟ್) ಸ್ವಲ್ಪ ಎತ್ತಿ ಕನಿಷ್ಠ ಹರಿವು ಕೊಟ್ಟೆವು. ಟರ್ಬೈನ್ ಮುಟ್ಟದ ನೀರು, ಸುಮ್ನೆ ಹೋದ ದುಡ್ಡು. ಆಮೇಲೆ ತಳದ ಗೇಟಿನಿಂದ ಬಿಟ್ಟೆವು. ಬೇಸಿಗೆಯಲ್ಲಿ ಆಳದ ನೀರು ತಣ್ಣಗೆ, ಆಮ್ಲಜನಕ ಕಡಿಮೆ, ವಾಸನೆ ಬೇರೆ. ಕೆಳಗೆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಅದೇ ದಿನ ನಿಲ್ಲಿಸಿದೆವು. ಇವೆರಡಕ್ಕೆ ಹೋದ ಹಣದಲ್ಲಿ ಸಣ್ಣ ಯೂನಿಟ್‌ನ (ಟರ್ಬೈನ್-ಜನರೇಟರ್ ಜೋಡಿಯ) ರಿಪೇರಿಯೇ ಆಗುತ್ತಿತ್ತು.

ನೀರು ಎಷ್ಟು ಅನ್ನುವುದಕ್ಕಿಂತ ಯಾವಾಗ, ಹೇಗೆ ಅನ್ನುವುದರಲ್ಲಿ ದಾರಿ ಸಿಕ್ಕಿತು. ಪೀಕ್, ಅಂದರೆ ಕರೆಂಟಿಗೆ ಬೇಡಿಕೆ ಹೆಚ್ಚಿರುವ ಹೊತ್ತು, ಮುಗಿದ ಕೂಡಲೇ ಹರಿವು ಇಳಿಸಿದರೆ ಮೀನುಮರಿ ದಡದ ಗುಂಡಿಗಳಲ್ಲಿ ಸಿಕ್ಕಿಬೀಳುತ್ತವೆ. ನೀರಿನಂಚಿನಲ್ಲಿ ಹುಳುಗಳಿಟ್ಟ ಮೊಟ್ಟೆ ಒಣಗುತ್ತವೆ. ಹುಳು ಇಲ್ಲದಿದ್ದರೆ ಮೀನು ಏನು ತಿನ್ನಬೇಕು? ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನಲ್ಲಿ 2018ರ ಬೇಸಿಗೆಯಲ್ಲಿ ವಾರಾಂತ್ಯಗಳಂದು ಕಡಿಮೆ, ಏರಿಳಿತವಿಲ್ಲದ ಹರಿವು ಬಿಟ್ಟು ನೋಡಿದ್ದರು. ಮಟ್ಟ ಕೆಳಗಿರುವ ಆಗ ಹುಳುಗಳು ಇಟ್ಟ ಮೊಟ್ಟೆ ವಾರವಿಡೀ ನೀರಿನಡಿಯೇ ಇರುತ್ತವೆ. ವಾರಾಂತ್ಯ ಕರೆಂಟಿಗೆ ಬೇಡಿಕೆಯೂ ಕಡಿಮೆ, ಅಲ್ವಾ?

ಅದನ್ನೇ ನಮ್ಮ ಅಳತೆಗೆ ತಂದೆ. ಶನಿವಾರ, ಭಾನುವಾರ ಸಣ್ಣ ಯೂನಿಟ್ ಒಂದೇ ಲೋಡಿನಲ್ಲಿ. ಉಳಿಸಿದ ನೀರು ಸೋಮವಾರದ ಪೀಕ್‌ಗೆ. ಅಲ್ಲಿ ಸಿಗುವ ದರ ಜಾಸ್ತಿ. ವಾರದ ದಿನಗಳಲ್ಲಿ ಹರಿವು ಇಳಿಸುವುದನ್ನು ಎರಡು ಮೂರು ಗಂಟೆ ಎಳೆದೆವು. ಎಷ್ಟು ನಿಮಿಷಕ್ಕೆ ಎಷ್ಟು ಕ್ಯೂಸೆಕ್ ಅನ್ನುವ ಪಟ್ಟಿ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನಿದ್ದೆಗೆಟ್ಟು ಮಾಡಿದ್ದು. ಎರಡನೇ ವರ್ಷ ಗುಂಡಿಗಳಲ್ಲಿ ಸಿಕ್ಕ ಮರಿಗಳು ಮೊದಲಿನ ಕಾಲು ಭಾಗವೂ ಇರಲಿಲ್ಲ.

ನಡುವೆ ಹೂಳಿಗೂ ಕೈಹಾಕಿದೆ. ಚೀನಾದ ಹಳದಿ ನದಿಯ ಸಾನ್‌ಮೆನ್‌ಶ್ಯಾ ಜಲಾಶಯ 1960ರಲ್ಲಿ ನೀರು ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ಹೂಳಿಗೆ ಸಿಕ್ಕಿ ನಲುಗಿತು. ತಳದ ದಾರಿ ಹೆಚ್ಚಿಸಿ, ಪ್ರವಾಹದ ಕೆಸರು ನೀರು ಬಿಟ್ಟು ತಿಳಿನೀರು ಹಿಡಿಯತೊಡಗಿದ ಮೇಲೆ ಸುಧಾರಿಸಿತು. ನಾವೂ ಜಲಾಶಯದ ಮಟ್ಟ ಇಳಿಸಿ ಮೊದಲ ದೊಡ್ಡ ಒಳಹರಿವಿಗೆ ಕಾದೆವು. ಗೇಟಿನ ಮುಂದಿನ ಹೂಳು ಹೋಯಿತು. ಹಿನ್ನೀರಿನದು ಕದಲಲೇ ಇಲ್ಲ. ಹೆಡ್ (ನೀರು ಬೀಳುವ ಎತ್ತರ) ಕಡಿಮೆಯಾಗಿ ಆ ವಾರದ ಉತ್ಪಾದನೆಯೂ ಬಿತ್ತು. ಆದರೂ ಗೇಟಿನ ಬಾಯಿ ತೆರೆದಿಡಲು ಇದನ್ನು ಮುಂದುವರಿಸುತ್ತೇನೆ.

ಈ ಸಲ ಪೀಕ್ ನಂತರದ ಹರಿವಿನ ಇಳಿಕೆಯನ್ನು ಇನ್ನೂ ಒಂದು ಗಂಟೆ ಎಳೆಯಲು ಒಪ್ಪಿಗೆ ಸಿಕ್ಕಿದೆ. ಮೊದಲು ಬೇಡವೆಂದವರೇ ಈಗ ವಾರಾಂತ್ಯದ ವೇಳಾಪಟ್ಟಿ ಕಳಿಸಿ ಎನ್ನುತ್ತಿದ್ದಾರೆ.