ಮೂರು ಎಂಬಿಯಲ್ಲಿ ಒಂದು ಪಾಠ

ಚಿಕ್ಕಮಗಳೂರಿನ ಪದವಿ ಕಾಲೇಜಿನಲ್ಲಿ ನಾನು ಕಲಿಸುವುದು ಅರ್ಥಶಾಸ್ತ್ರ. 2020ರ ಲಾಕ್‌ಡೌನ್‌ನಲ್ಲಿ ಶುರುವಾದ ಡಿಜಿಟಲ್ ಪಾಠವನ್ನು ಕಾಲೇಜು ತೆರೆದ ಮೇಲೂ ಮುಂದುವರಿಸಿದ್ದೇನೆ; ಕೈಬಿಟ್ಟಿದ್ದು ಲೈವ್ ತರಗತಿಯನ್ನು ಮಾತ್ರ. ಕಳಸ, ಕೊಪ್ಪ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಹಿಂದೆಯೇ ಟವರೂ ಹೋಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿಗೆ ತಲುಪುವುದು ಸಣ್ಣ ಫೈಲ್ ಒಂದೇ.

ಒಂದು ಗಂಟೆಯ ಪಾಠವನ್ನು ಹನ್ನೆರಡು ನಿಮಿಷದ ತುಂಡುಗಳಾಗಿ ಒಡೆಯುತ್ತೇನೆ. ತುಂಡಿಗೊಂದು ಆಡಿಯೊ, ಜೊತೆಗೆ ನಾಲ್ಕು ಪುಟದ ಪಿಡಿಎಫ್. ಧ್ವನಿ ಸಂಪಾದಿಸುವ ಅಡಾಸಿಟಿ ತಂತ್ರಾಂಶದಲ್ಲಿ ಮೊನೊ (ಒಂದೇ ಚಾನೆಲ್), 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್) ಇಟ್ಟು ಎಂಪಿ3 ತೆಗೆದರೆ 2.9 ಎಂಬಿ ಆಗುತ್ತದೆ. ಅಷ್ಟೇ ಹೊತ್ತಿನ ವಿಡಿಯೊ 500 ಕೆಬಿಪಿಎಸ್‌ನಲ್ಲಿ 45 ಎಂಬಿ. ಆಡಿಯೊದಲ್ಲಿ ‘ಇಲ್ಲಿ ನೋಡಿ’ ಎಂದರೆ ಪ್ರಯೋಜನವಿಲ್ಲ, ‘ಎರಡನೇ ಪುಟ, ಮೂರನೇ ಚಿತ್ರ’ ಎನ್ನಬೇಕು.

ಫ್ಯಾನಿನ ಸದ್ದು ಒಂದೇ ಸಮ ಇರುವುದರಿಂದ ಮೊದಲ ಮೂರು ಸೆಕೆಂಡ್ ಸುಮ್ಮನಿದ್ದು ಆ ಸದ್ದಿನ ಮಾದರಿ ಕೊಟ್ಟರೆ ನಾಯ್ಸ್ ರಿಡಕ್ಷನ್ ಅದನ್ನು ತೆಗೆದುಹಾಕುತ್ತದೆ. ಶೀಟಿನ ಮೇಲೆ ಬೀಳುವ ಮಳೆ ಹಾಗಲ್ಲ, ಏರಿಳಿಯುತ್ತದೆ. ತೆಗೆಯಹೋದರೆ ಮಾತೇ ನೀರೊಳಗಿಂದ ಬಂದಂತಾಗುತ್ತದೆ. ಆಷಾಢದಲ್ಲಿ ರೆಕಾರ್ಡಿಂಗಿಗೆ ಆರ್‌ಸಿಸಿ ಕೋಣೆಯೇ ಬೇಕು.

ಹೆಚ್ಚು ತಲೆನೋವು ಕೊಟ್ಟಿದ್ದು ಹಳೆಯ ನೋಟ್ಸ್. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶದಲ್ಲಿ ಆಸ್ಕಿ ಫಾಂಟಿನಲ್ಲಿ ಟೈಪಾದ ಕನ್ನಡದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಮೊಬೈಲಿನಲ್ಲಿ ಆ ಫಾಂಟ್ ಇರುವುದಿಲ್ಲ, ಹಾಗಾಗಿ ಪುಟವೆಲ್ಲ ಅರ್ಥವಿಲ್ಲದ ಚಿಹ್ನೆಗಳು. ಕನ್ನಡ ಅಕ್ಷರಗಳಿಗೇ ಸಂಕೇತವಿರುವ ಯುನಿಕೋಡ್‌ಗೆ ಪರಿವರ್ತಿಸುವ ಮುನ್ನ ನಡುನಡುವಿನ ಇಂಗ್ಲಿಷ್ ಪದಗಳನ್ನು ಎತ್ತಿಡಿ, ಇಲ್ಲದಿದ್ದರೆ ಅವೂ ಕನ್ನಡದ ಕಲಸುಮೇಲೋಗರವಾಗುತ್ತವೆ. ಪರಿವರ್ತನೆ ಮುಗಿದ ಮೇಲೆ ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾಡಿಸಿ. ಸ್ಕ್ಯಾನ್ ಮಾಡಿ ಕಳಿಸಿದರೆ ಸುಲಭವಲ್ಲವೇ ಎನ್ನುವವರಿದ್ದಾರೆ. ಸುಲಭ ನಮಗೆ, ಪುಟದಲ್ಲಿ ಪದ ಹುಡುಕಲಾಗದ ಕಷ್ಟ ವಿದ್ಯಾರ್ಥಿಗೆ.

ರೇಖಾಚಿತ್ರ ಬಿಡಿಸುವಾಗ ಮಾತ್ರ ವಿಡಿಯೊ, ಅದೂ ಎರಡೇ ನಿಮಿಷ. ಸ್ಟ್ಯಾಂಡಿಗೆ ಮೊಬೈಲ್ ಕಟ್ಟಿ ಕೆಳಗೆ ಎ4 ಹಾಳೆಯನ್ನು ಅಡ್ಡಲಾಗಿ ಇಡುತ್ತೇನೆ. ಬಲಗೈಯಲ್ಲಿ ಬರೆಯುವವರು ಬೆಳಕನ್ನು ಎಡಗಡೆಯಿಂದ ಕೊಡಬೇಕು, ಆಗ ಗೆರೆಯ ಮೇಲೆ ಕೈಯ ನೆರಳು ಬೀಳದು. ಕೈ ಆಡಿದಾಗಲೆಲ್ಲ ಚಿತ್ರ ಮಬ್ಬಾಗುತ್ತಿದ್ದರೆ ಪರದೆಯನ್ನು ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ.

ಗೂಗಲ್ ಫಾರ್ಮ್‌ನ ಕಿರುಪರೀಕ್ಷೆಯಲ್ಲಿ ನಕಲು ತಡೆಯಲು ಟೈಮರ್ ಹಾಕುವುದು ನಮ್ಮ ಕಡೆ ಅನ್ಯಾಯ. ಬದಲಿಗೆ ಅಂಕಿಗಳನ್ನೇ ಬದಲಿಸುತ್ತೇನೆ. ಬೇಡಿಕೆಯ ಸ್ಥಿತಿಸ್ಥಾಪಕತ್ವದ (ಬೇಡಿಕೆಯ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದ್ದು) ಲೆಕ್ಕದಲ್ಲಿ ಒಬ್ಬರಿಗೆ ಬೆಲೆ 10ರಿಂದ 12 ರೂಪಾಯಿಗೆ ಏರಿ ಬೇಡಿಕೆ 100ರಿಂದ 90ಕ್ಕೆ ಇಳಿದರೆ ಉತ್ತರ 0.5. ಪಕ್ಕದವರಿಗೆ ಬೇಡಿಕೆ 70ಕ್ಕೆ ಇಳಿದಿರುತ್ತದೆ, ಉತ್ತರ 1.5. ರಿಜಿಸ್ಟರ್ ನಂಬರಿನ ಕೊನೆಯ ಅಂಕಿಯ ಮೇಲೆ ಬೇರೆ ಬೇರೆ ಅಂಕಿಗಳಿರುವ ಫಾರ್ಮ್‌ನ ನಾಲ್ಕು ವಿಭಾಗಗಳಿಗೆ ಕವಲು ಕೊಟ್ಟರಾಯಿತು. ಗಡುವು ಎರಡು ದಿನ.

ಎಲ್ಲ ಫೈಲ್‌ಗಳ ಒಂದು ಪ್ರತಿ ಲೈಬ್ರರಿಯ ಕಂಪ್ಯೂಟರಿನಲ್ಲಿರುತ್ತದೆ. ಡೇಟಾ ಇಲ್ಲದವರು ಪೆನ್‌ಡ್ರೈವ್ ತಂದು ತುಂಬಿಸಿಕೊಳ್ಳುತ್ತಾರೆ.