ತಟ್ಟೆಯ ಲೆಕ್ಕ ಬೇರೆ, ಅನ್ನದ ಲೆಕ್ಕ ಬೇರೆ

ಮಗಳ ಶಾಲೆಗೆ ರಜೆ ಬಿದ್ದ ಕೂಡಲೇ ಕಾರವಾರಕ್ಕೆ ಬಂದಿದ್ದೇನೆ. ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿಹಾಕಿಸಿಕೊಂಡು ನಿಂತಿವೆ. ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮನೆಯಲ್ಲಿ ಒಣಮೀನು, ಸೋಲಕಡಿ, ಹೊರಗೆ ಮಳೆ. ನಿನ್ನೆ ಅಂಕೋಲೆಯ ಒಬ್ಬ ಹುಡುಗ, ಶಿರಸಿಯ ಒಬ್ಬ ಹುಡುಗಿ ಜಗಲಿಗೆ ಬಂದು ಕೂತರು. ಇಬ್ಬರೂ ಮುಂದಿನ ತಿಂಗಳು ಜಪಾನಿಗೆ ಹೊರಟವರು. ಹುಡುಗ ಹೇಳಿದ: "ನನಗೆ ಊಟದ ಚಿಂತೆ ಇಲ್ಲ ಅಣ್ಣಾ. ಸುಶಿ ಅಂದ್ರೆ ಮೀನು ಮತ್ತು ಅನ್ನ, ಎಣ್ಣೆಯಿಲ್ಲ. ತಿಂದಷ್ಟೂ ಒಳ್ಳೇದು."

ಹದಿನಾಲ್ಕು ವರ್ಷದ ಹಿಂದೆ ಇದೇ ಮಾತನ್ನು ಇದೇ ಜಗಲಿಯಲ್ಲಿ ಕೂತು ನಾನು ಹೇಳಿದ್ದೆ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾಗದಪತ್ರದ ಕತೆ ಮೊದಲು ಮುಗಿಸುತ್ತೇನೆ. ಮನೆಗೆ ಹೊಕ್ಕ 14 ದಿನದೊಳಗೆ ವಾರ್ಡ್ ಕಚೇರಿಗೆ ಹೋಗಿ ರೆಸಿಡೆನ್ಸ್ ಕಾರ್ಡಿಗೆ ವಿಳಾಸ ಹಾಕಿಸಿ, ವಿಮೆ ವಿಚಾರಿಸಿ. ಅಷ್ಟೇ. ಕಷ್ಟವೆಲ್ಲ ಆಮೇಲೆ, ಹಸಿವಾದಾಗ.

ಯೊಕೊಹಾಮಾದಲ್ಲಿ ನನ್ನ ರೂಮಿನ ಹತ್ತಿರ ಒಂದು ತಿರುಗುವ ಸುಶಿ ಅಂಗಡಿ ಇತ್ತು. ಪಟ್ಟಿಯ ಮೇಲೆ ತಟ್ಟೆಗಳು ಮೆರವಣಿಗೆ ಬರುತ್ತವೆ, ಬೇಕಾದ್ದನ್ನು ಎತ್ತಿಕೊಳ್ಳುವುದು. 1958ರಲ್ಲಿ ಒಸಾಕಾದಲ್ಲಿ ಶಿರಾಯಿಶಿ ಎಂಬವರು ಶುರುಮಾಡಿದ ವ್ಯವಸ್ಥೆ ಇದು. ತಟ್ಟೆಗೆ ಎರಡು ತುಂಡು 'ನಿಗಿರಿ': ಕೆಳಗೆ ಹೆಬ್ಬೆರಳಷ್ಟು ಅನ್ನದ ಉಂಡೆ, ಮೇಲೆ ಮೀನಿನ ಹಾಳೆ. ನೋಡಿದರೆ ನಗು ಬರುತ್ತಿತ್ತು. ನಮ್ಮೂರಲ್ಲಿ ಮಗುವಿಗೂ ಇದಕ್ಕಿಂತ ದೊಡ್ಡ ತುತ್ತು ಕೊಡುತ್ತಾರೆ. ಹದಿನೈದು ತಟ್ಟೆ ಮುಗಿಸಿ, ಆಹಾ, ಇವತ್ತು ಹಗುರ ಊಟ ಅಂದುಕೊಂಡು ಎದ್ದು ಬರುತ್ತಿದ್ದೆ. ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು.

ಅಲ್ಲಿ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಕಡ್ಡಾಯ. ನಲವತ್ತು ದಾಟಿದವರ ಸೊಂಟ ಅಳೆಯುತ್ತಾರೆ. 2008ರಿಂದ ಬಂದ ನಿಯಮದ ಪ್ರಕಾರ ಗಂಡಸಿಗೆ 85 ಸೆಂಟಿಮೀಟರ್ ಗಡಿ, ಹೆಂಗಸಿಗೆ 90. ನರ್ಸ್ ಟೇಪು ಸುತ್ತಿ, ಓದಿ, ಮತ್ತೊಮ್ಮೆ ಸುತ್ತಿ ಓದಿ, ನಯವಾಗಿ ನಕ್ಕು 93 ಎಂದು ಬರೆದಳು. ರಕ್ತದೊತ್ತಡವೂ ಏರಿತ್ತು. "ನಾನು ಹೆಚ್ಚಾಗಿ ಸುಶಿಯನ್ನೇ ತಿನ್ನುವುದು" ಎಂದು ಹೆಮ್ಮೆಯಿಂದ ಹೇಳಿದೆ. ಆಹಾರ ಸಲಹೆಗಾರ್ತಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ತಟ್ಟೆ?

ಆ ರಾತ್ರಿ ಕಾಗದ ಪೆನ್ನು ಹಿಡಿದು ಕೂತೆ. ಒಂದು ನಿಗಿರಿಯಲ್ಲಿ ಸುಮಾರು 20 ಗ್ರಾಂ ಅನ್ನ, 10 ಗ್ರಾಂ ಮೀನು. ಮೇಲಿನ ಮೀನು ಯಾವುದು ಎಂಬುದರ ಮೇಲೆ ತುಂಡಿಗೆ 40ರಿಂದ 60 ಕ್ಯಾಲರಿ. ಹದಿನೈದು ತಟ್ಟೆ ಅಂದರೆ ಮೂವತ್ತು ತುಂಡು: ಅನ್ನವೇ 600 ಗ್ರಾಂ! ಕಾಲು ಕೇಜಿಗಿಂತ ಹೆಚ್ಚು ಅಕ್ಕಿ ಬೇಯಿಸಿದರೆ ಇಷ್ಟು ಅನ್ನವಾಗುತ್ತದೆ. ಆಯಿ ಬಾಳೆಲೆಯ ಮೇಲೆ ಅಷ್ಟನ್ನೂ ಒಟ್ಟಿಗೆ ಸುರಿದಿದ್ದರೆ "ಸಾಕೇ, ಸಾಕು" ಎಂದು ಕೈ ಅಡ್ಡ ಹಿಡಿಯುತ್ತಿದ್ದೆ. ಇಲ್ಲಿ ತುಣುಕು ತುಣುಕಾಗಿ ಬಂತು, ನನಗೆ ಅನ್ನವೆಂದು ಕಾಣಲೇ ಇಲ್ಲ. ಒಟ್ಟು ಹತ್ತಿರ ಹತ್ತಿರ 1,500 ಕ್ಯಾಲರಿ, ಅದರಲ್ಲಿ 900ಕ್ಕೂ ಹೆಚ್ಚು ಅನ್ನದ್ದೇ.

ಅದೂ ಬರೀ ಅನ್ನವಲ್ಲ. 300 ಗ್ರಾಂ ಅಕ್ಕಿಗೆ ವಿನೆಗರ್ ಜೊತೆ ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಬೆರೆಸುವುದು ಅಲ್ಲಿನ ಮನೆಮನೆಯ ಅಳತೆ. ಅಂದರೆ ಸೋಯಾ ಸಾಸಿಗೆ ಅದ್ದುವ ಮೊದಲೇ ನಾನು ನಾಲ್ಕೈದು ಗ್ರಾಂ ಉಪ್ಪು ತಿಂದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು ಎರಡೂವರೆ ಗ್ರಾಂ ಉಪ್ಪು. ನಾನಂತೂ ಸಾರು ಕಲಸಿ ಉಂಡು ಬೆಳೆದ ಪ್ರಾಣಿ. ಬಟ್ಟಲಿನಲ್ಲಿ ಸಾಸು ತುಂಬಿಸಿ, ವಸಾಬಿ ಎಂಬ ಹಸಿರು ಖಾರದ ಮುದ್ದೆ ಕದಡಿ, ಉಂಡೆಯ ಅನ್ನದ ಬದಿಯನ್ನೇ ಮುಳುಗಿಸುತ್ತಿದ್ದೆ. ಅನ್ನ ಸಾಸನ್ನೆಲ್ಲ ಹೀರಿ ಬಟ್ಟಲಿನಲ್ಲೇ ಒಡೆದು ಗಂಜಿಯಾಗುತ್ತಿತ್ತು. ಪಕ್ಕದ ಅಜ್ಜ ಒಬ್ಬರು ನೋಡಲಾರದೆ ತೋರಿಸಿಕೊಟ್ಟರು. ಕೈಯಲ್ಲೇ ಎತ್ತಿ, ಮಗುಚಿ, ಮೀನಿನ ತುದಿಯನ್ನಷ್ಟೇ ಸಾಸಿಗೆ ಮುಟ್ಟಿಸಿದರು. ಕೈಯಲ್ಲಿ! ಒಂದು ವರ್ಷ ಕಡ್ಡಿ ಹಿಡಿದು ಒದ್ದಾಡಿದ ಮೇಲೆ ತಿಳಿಯಿತು, ಸುಶಿಯನ್ನು ಕೈಯಲ್ಲಿ ತಿಂದರೆ ಯಾರೂ ಏನೂ ಅನ್ನುವುದಿಲ್ಲ.

ಮೀನಿಗೆ ಅನ್ಯಾಯ ಮಾಡಬಾರದು. ಆ 300 ಗ್ರಾಂ ಮೀನಿನಲ್ಲಿ 60 ಗ್ರಾಂನಷ್ಟು ಒಳ್ಳೆ ಪ್ರೋಟೀನು ಇತ್ತು. ಆದರೆ ಆಯ್ಕೆಯಲ್ಲೂ ಎಡವಿದೆ. ಟ್ಯೂನಾದ ಕೆಂಪು ಭಾಗ, ಅಕಾಮಿ, ನೂರು ಗ್ರಾಂಗೆ 120ರ ಆಸುಪಾಸು ಕ್ಯಾಲರಿ. ಅದೇ ಮೀನಿನ ಹೊಟ್ಟೆಯ ಕೊಬ್ಬಿನ ಭಾಗ, ತೋರೊ, 300 ದಾಟುತ್ತದೆ. ನಾನು ಹಿಂದೆ ಬಿದ್ದದ್ದು ಸಾಲ್ಮನ್. ಅದು ಮಾತ್ರ ವಿದೇಶದ ರುಚಿ ಅಂತ ಒಂದು ಜಂಬ. ಆಮೇಲೆ ಗೊತ್ತಾಯಿತು, ಹಸಿ ಸಾಲ್ಮನ್ ಜಪಾನಿಗೂ ಹೊಸದೇ. 1980ರ ದಶಕದಲ್ಲಿ ನಾರ್ವೆಯವರು ಹಟಹಿಡಿದು ಮಾರಿ ಒಗ್ಗಿಸಿದ್ದು. ಅತ್ತ ಅಗ್ಗದ ತಟ್ಟೆಯಲ್ಲಿ ಇವಾಶಿ ತಿರುಗುತ್ತಿತ್ತು, ನಮ್ಮ ತಾರ್ಲೆಯ ಅಣ್ಣ. ಆಜಿ ಇತ್ತು, ಬಂಗಡೆಯ ನೆಂಟ ಸಾಬಾ ಇತ್ತು. ಹೃದಯಕ್ಕೆ ಒಳ್ಳೆಯದೆನ್ನುವ ಒಮೇಗಾ-3 ತುಂಬಿದವು, ಜೊತೆಗೆ ಡಿ ಮತ್ತು ಬಿ12 ವಿಟಮಿನ್ನು. ತಾರ್ಲೆ ತಿನ್ನಲು ಇಷ್ಟು ದೂರ ಬರಬೇಕೇ ಎಂದು ಮೂರು ವರ್ಷ ಮುಟ್ಟಲಿಲ್ಲ. ಊರಲ್ಲಿ ತಾರ್ಲೆ ತಂದ ದಿನ ಆಯಿ ಕಿಟಕಿ ಮುಚ್ಚುತ್ತಿದ್ದಳಲ್ಲ, ಆ ಬುದ್ಧಿ ಎಲ್ಲಿ ಹೋಗುತ್ತದೆ?

ಮೇಯೊನೀಸ್ ಮೆತ್ತಿದ್ದು, ಟೆಂಪುರ ಎಂದು ಕರಿದದ್ದು ಕಂಡರೆ ಅದು ಬೋಂಡಾ ಅಂತಲೇ ತಿಳಿಯಿರಿ. ಸಿಗಡಿ ಟೆಂಪುರದ ಒಂದು ರೋಲೇ 500 ಕ್ಯಾಲರಿ ಮುಟ್ಟುತ್ತದೆ. ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಸುಶಿ ಡಬ್ಬಿಗೆ ಹಳದಿ ಚೀಟಿ ಅಂಟಿಸುತ್ತಾರೆ, 'ಹಾಂಗಾಕು', ಅರ್ಧ ಬೆಲೆ. ನೀವು ಕೊಂಡೇ ಕೊಳ್ಳುತ್ತೀರಿ, ನನಗೆ ಗೊತ್ತು. ಚೀಟಿಯ ಪಕ್ಕದ ಲೇಬಲ್ಲಿನಲ್ಲಿ ಕಿಲೋಕ್ಯಾಲರಿಯೂ 'ಶೊಕುಎನ್ ಸೋತೋರ್ಯೋ' ಎಂದು ಉಪ್ಪಿನ ಗ್ರಾಮೂ ಇರುತ್ತದೆ. ಆ ಅಕ್ಷರಗಳನ್ನು ಮೊದಲು ಕಲಿಯಿರಿ. ಅಂಗಡಿಯಲ್ಲಿ 'ಶಾರಿ ಸುಕುನಮೆ' ಅಂದರೆ ಅನ್ನ ಕಡಿಮೆ ಹಾಕುತ್ತಾರೆ.

ಶಿರಸಿಯ ತಂಗಿಗೆ ಹೇಳಬೇಕಾದ್ದು ನನಗೇ ನಾಚಿಕೆಯ ವಿಷಯ. ಶಿರಸಿ ಕಡೆಯ ಹವ್ಯಕ ಗೆಳೆಯನೊಬ್ಬ ನನ್ನನ್ನು ನಂಬಿಕೊಂಡು ಬಂದಿದ್ದ. "ಇನಾರಿ ತಿನ್ನೋ, ತೋಫು ಚೀಲದೊಳಗೆ ಅನ್ನ, ಪೂರ್ತಿ ಸಸ್ಯಾಹಾರ" ಎಂದು ಆರು ತಿಂಗಳು ತಿನ್ನಿಸಿದೆ. ಆ ಚೀಲವನ್ನು ಸಕ್ಕರೆ, ಸೋಯಾ ಜೊತೆ ಕುದಿಸುವುದು ಸಾಮಾನ್ಯವಾಗಿ ದಾಶಿಯಲ್ಲಿ. ದಾಶಿಯೆಂದರೆ ಒಣಗಿಸಿದ ಮೀನಿನ ಕಟ್ಟು. ಮಿಸೊ ಸಾರಿನಲ್ಲೂ ಅದೇ. ಗೊತ್ತಾದ ದಿನ ಅವನು ಬೈಯಲಿಲ್ಲ, ಎರಡು ದಿನ ಫೋನ್ ಎತ್ತಲಿಲ್ಲ. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಸೌತೆಕಾಯಿಯ ಕಪ್ಪಾ ಮಾಕಿ ನಂಬಬಹುದು, ಆದರೆ ಅದರಲ್ಲಿ ಅನ್ನ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಜೊತೆಗೆ ಎಡಮಾಮೆ ಎಂಬ ಎಳೆ ಸೋಯಾ ಕಾಳು, ತಣ್ಣನೆಯ ತೋಫು ತೆಗೆದುಕೊಳ್ಳಿ.

ಇನ್ನೊಂದು ಹುಚ್ಚು ಸಾಹಸ ಮಾಡಬೇಡಿ. ಮಾರ್ಕೆಟ್ಟಿನಿಂದ ಸಾಬಾ ತಂದು ಮನೆಯಲ್ಲೇ ಹಸಿ ಕತ್ತರಿಸಿ, ಮುರುಗಲು ಹಿಂಡಿದರೆ ಎಲ್ಲ ಹುಳ ಸಾಯುತ್ತವೆ ಎಂದುಕೊಂಡೆ. ಅನಿಸಾಕಿಸ್ ಎಂಬ ಹುಳ ಹುಳಿಗೂ ವಸಾಬಿಗೂ ಜಗ್ಗುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಹೆಪ್ಪುಗಟ್ಟಿಸಬೇಕು, ಇಲ್ಲವೇ ಬೇಯಿಸಬೇಕು. ಆ ರಾತ್ರಿಯ ಹೊಟ್ಟೆನೋವಿನ ವರ್ಣನೆ ಬೇಡ. ಹಸಿ ತಿನ್ನಲು 'ಸಾಶಿಮಿ ಯೋ' ಎಂದು ಬರೆದದ್ದನ್ನೇ ಕೊಳ್ಳಿ. ಬಸುರಿಯರಿಗೆ ದೊಡ್ಡ ಟ್ಯೂನಾ ಜಾತಿಗಳಲ್ಲಿ ಪಾದರಸದ ಭಯ ಇದೆ. ಹೊನ್‌ಮಾಗುರೊ, ಮೆಬಾಚಿ ಆದರೆ ವಾರಕ್ಕೆ 80 ಗ್ರಾಂ ಮಿತಿ ಎಂದು ಅಲ್ಲಿನ ಸರ್ಕಾರವೇ ಹೇಳಿದೆ. ಹಸಿಯ ವಿಷಯ ಡಾಕ್ಟರನ್ನು ಕೇಳಿ.

ನೆನಪಾಯಿತು. ಸುಟ್ಟ ಹಾವುಮೀನಿನ ಮೇಲೆ ಸಾನ್‌ಶೋ ಪುಡಿ ಉದುರಿಸುತ್ತಾರೆ. ಮೊದಲ ಸಲ ಅದರ ಘಾಟು ಮೂಗಿಗೆ ಬಡಿದಾಗ ನಾನು ಕೈಯಲ್ಲಿದ್ದುದನ್ನು ಕೆಳಗಿಟ್ಟೆ. ನಮ್ಮ ಬಂಗಡೆ ಸಾರಿನ ತಿರ್ಫಳದ್ದೇ ವಾಸನೆ, ಅದೇ ನಾಲಿಗೆಯ ಜುಮ್ಮು. ಎರಡೂ ಒಂದೇ ಕುಲದ ಗಿಡಗಳಂತೆ. ಅಂಗಡಿಯವರು ಏನಾಯಿತೆಂದು ಕೇಳಿದರು. ಏನಂತ ಹೇಳುವುದು?

ಮಗಳು ಹುಟ್ಟಿದ್ದು ಅಲ್ಲೇ, ಈಗ ಎಂಟು ವರ್ಷ. ಅವಳಿಗೆ ಮೀನೆಂದರೆ ಮುಳ್ಳಿಲ್ಲದ, ತಲೆಯಿಲ್ಲದ, ಆಯತಾಕಾರದ ವಸ್ತು. ಮುಳ್ಳು ಬಿಡಿಸಲು ಬರುವುದಿಲ್ಲ, ನಾನು ಕಲಿಸಲೂ ಇಲ್ಲ. ಸುಶಿ ಸುಲಭವಿತ್ತಲ್ಲ. ಮೊನ್ನೆ ಕಾಳಿ ಅಳಿವೆಯಲ್ಲಿ ಗಾಳ ಹಾಕಿದವರಿಂದ ನಾಲ್ಕು ನೊಗಲಿ ಸಿಕ್ಕಿತ್ತು. ತಟ್ಟೆ ನೋಡಿ ಹುಡುಗಿ ಹಿಂದೆ ಸರಿದಳು. ಆಯಿ ಏನೂ ಹೇಳದೆ ಮೀನು ಸೀಳಿ, ಬೆರಳಿನಿಂದ ತಡವಿ ಮುಳ್ಳು ತೆಗೆದು, ಕುಚಲಕ್ಕಿ ಅನ್ನ ಸಣ್ಣದಾಗಿ ಉಂಡೆ ಹಿಡಿದು, ಮೇಲೊಂದು ಚೂರು ಮೀನು ಒತ್ತಿ ಬಾಯಿಗಿಟ್ಟಳು. ಮಗಳು "ನಿಗಿರಿ!" ಎಂದು ಚಪ್ಪಾಳೆ ತಟ್ಟಿದಳು.

ನನ್ನ ಚಾಳಿ ಬಿಡಲಿಲ್ಲ. "ಒಂದೊಂದು ಇಪ್ಪತ್ತು ಗ್ರಾಂ ಇದ್ದೀತು ಆಯಿ, ಏಳಾಯ್ತು" ಅಂದೆ.

"ಉಣ್ಣೋ ಮಗೂನ ತುತ್ತು ಎಣಸ್ತಾರೇನಾ ತಮಾ? ದೃಷ್ಟಿಯಾಗ್ತದೆ. ಆಚೆ ಹೋಗು."

ಅಲ್ಲಿಯ ಅಂಗಡಿಯಲ್ಲಿ ಕೊನೆಗೆ ಬಂದು ತಟ್ಟೆ ಎಣಿಸುತ್ತಾರೆ ಎಂದು ಹೇಳಹೊರಟವನು ಸುಮ್ಮನಾದೆ. ಮಗಳು ಎಂಟನೆಯದಕ್ಕೆ ಬಾಯಿ ತೆರೆದು ಕೂತಿದ್ದಳು. ಆಯಿ ಇನ್ನೂ ಮುಳ್ಳು ಹುಡುಕುತ್ತಿದ್ದಳು.